ಕೊಳದ ನೀರಿನ ಸಮತೋಲ

ಇಂದಿನ ಬಸವಕಲ್ಯಾಣವು ಒಂದು ಕಾಲದಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ ನಗರ. 12ನೆಯ ಶತಮಾನದಲ್ಲಿ ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಬೃಹದ್ಗ್ರಂಥವನ್ನು ರಚಿಸಿದನು. ಕುಡಿಯುವ ನೀರಿನ ಬಗೆಗಳನ್ನು ವಿವರಿಸಿದ ಆ ದೊರೆ ಜಲಕ್ರೀಡೆಯನ್ನೂ ಮರೆಯಲಿಲ್ಲ. ಆದರೆ ತಿಳಿಯಾಗಿ ತೋರುವ ನೀರಿನಲ್ಲಿಯೂ ಕಣ್ಣಿಗೆ ಕಾಣದ ರೋಗಾಣುಗಳಿರಬಹುದೆಂಬುದು ಸ್ಥಿರಪಟ್ಟುದು 19ನೆಯ ಶತಮಾನದಲ್ಲಿ. ಬಾವಿಗಳಿಗೆ ಚೆಲುವೆ ಪುಡಿ ಹಾಕುವ ವಾಡಿಕೆ ಈ ಅರಿವಿನ ಫಲ. ಆ ಪುಡಿಯಿಂದ ಹೊರಬರುವ ಕ್ಲೋರಿನ್ನೇ ಮನೆಯಂಗಳದ ಈಜುಕೊಳಕ್ಕೂ ಕಾವಲುಗಾರ.

ಬಾವಿಯ ನೀರು ನೆರಳಿನಲ್ಲಿರುತ್ತದೆ. ಕೊಳದ ನೀರಾದರೋ ದಿನವಿಡೀ ಬಿಸಿಲಿಗೆ ಮೈಯೊಡ್ಡಿರುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಕ್ಲೋರಿನ್ನನ್ನು ಒಡೆದುಹಾಕುತ್ತವೆ. ಪ್ರಖರವಾದ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ ಅದರ ಅರ್ಧದಷ್ಟು ನಾಶವಾಗಬಲ್ಲುದು. ಬೀದರ ಜಿಲ್ಲೆಯ ಬೇಸಗೆಯಲ್ಲಿ ಬೆಳಗ್ಗೆ ಹಾಕಿದುದು ಮಧ್ಯಾಹ್ನಕ್ಕೆ ಹೆಸರಿಗೆ ಮಾತ್ರ ಉಳಿದೀತು. ಇದಕ್ಕೆ ಕಂಡುಕೊಂಡ ಪರಿಹಾರವೇ ಸ್ಥಿರಕಾರಿ, ಎಂದರೆ ಸಯನ್ಯೂರಿಕ್ ಆಮ್ಲ. ಇದು ಕ್ಲೋರಿನ್ನನ್ನು ಸಡಿಲವಾಗಿ ಹಿಡಿದಿಟ್ಟುಕೊಂಡು ಬಿಸಿಲಿನಿಂದ ಕಾಪಾಡುತ್ತದೆ. ಬೇಕಾದಾಗ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಲೀಟರೊಂದಕ್ಕೆ 30ರಿಂದ 50 ಮಿಲಿಗ್ರಾಂ ಇದ್ದರೆ ಸಾಕು. 100 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುತ್ತದೆ.

ಮಿತಿ ಮೀರಿದರೆ ಆಗುವುದೇನು? ಕೊಡೆಯೇ ಪಂಜರವಾಗುತ್ತದೆ. ಕ್ಲೋರಿನ್ ಬಹುಪಾಲು ಸ್ಥಿರಕಾರಿಯ ಹಿಡಿತದಲ್ಲಿಯೇ ಉಳಿದು ರೋಗಾಣುಗಳನ್ನು ಕೊಲ್ಲುವ ಕೆಲಸ ತೀರ ನಿಧಾನವಾಗುತ್ತದೆ; ಪಾಚಿಯೂ ಬೆಳೆಯತೊಡಗುತ್ತದೆ. ಪರೀಕ್ಷೆ ಮಾಡಿದವನು ಮೋಸಹೋಗುವುದೂ ಇಲ್ಲಿಯೇ. ಪರೀಕ್ಷಾದ್ರಾವಣವು ಬಂಧನದಲ್ಲಿರುವ ಕ್ಲೋರಿನ್ನನ್ನೂ ಸೆಳೆದು ಎಣಿಸಿಬಿಡುವುದರಿಂದ ಬಣ್ಣವೇನೋ ಸರಿಯಾಗಿಯೇ ಬರುತ್ತದೆ. ಕಾಗದದ ಮೇಲೆ ನೀರು ಶುದ್ಧ. ಅದರಲ್ಲಿ ಮುಳುಗೆದ್ದ ಮಕ್ಕಳಿಗೆ ಭೇದಿ! ಆದುದರಿಂದ ಸ್ಥಿರಕಾರಿಯನ್ನು ಬೇರೆಯಾಗಿಯೇ ಅಳೆಯಬೇಕು. ಕೊಳದ ನೀರಿಗೆ ಮೆಲಮೈನ್ ದ್ರಾವಣವನ್ನು ಬೆರೆಸಿದರೆ ಅದು ಹಾಲಿನಂತೆ ಮಬ್ಬಾಗುತ್ತದೆ. ಆ ಮಿಶ್ರಣವನ್ನು ಗಾಜಿನ ಕೊಳವೆಗೆ ಮೆಲ್ಲಗೆ ಸುರಿಯುತ್ತ, ತಳದ ಕಪ್ಪು ಚುಕ್ಕೆ ಯಾವ ಮಟ್ಟದಲ್ಲಿ ಮರೆಯಾಗುವುದೆಂದು ನೋಡುತ್ತಾರೆ. ಚುಕ್ಕೆ ಬೇಗ ಮರೆಯಾದಷ್ಟೂ ಸ್ಥಿರಕಾರಿ ಹೆಚ್ಚೆಂದು ಅರ್ಥ.

ಈ ಅತಿರೇಕ ಯಾರೂ ಬೇಕೆಂದು ಮಾಡಿದ್ದಲ್ಲ. ಅನುಕೂಲವೆಂದು ಬಳಸುವ ಟ್ರೈಕ್ಲೋರ್ ಬಿಲ್ಲೆಗಳಲ್ಲಿ ಕ್ಲೋರಿನ್ನಿನೊಡನೆ ಸ್ಥಿರಕಾರಿಯೂ ಅಡಗಿದೆ. 10 ಮಿಲಿಗ್ರಾಂ ಕ್ಲೋರಿನ್ ಸೇರಿದಾಗ ಸುಮಾರು 6 ಮಿಲಿಗ್ರಾಂ ಸ್ಥಿರಕಾರಿಯೂ ಸೇರುತ್ತದೆ. ಕ್ಲೋರಿನ್ ವ್ಯಯವಾಗುತ್ತದೆ, ಇದು ಬಿಸಿಲಿಗೆ ಕರಗದು, ಆವಿಯಾಗದು. ಹುಮನಾಬಾದಕ್ಕೂ ಬಸವಕಲ್ಯಾಣಕ್ಕೂ ನಡುವಣ ತೋಟದ ಮನೆಯೊಂದರಲ್ಲಿ 48,000 ಲೀಟರಿನ ಕೊಳವಿದೆಯೆಂದು ಭಾವಿಸಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಲೀಟರಿಗೆ ದಿನಕ್ಕೆ 2 ಮಿಲಿಗ್ರಾಂ ಕ್ಲೋರಿನ್ನನ್ನು ಬಿಲ್ಲೆಗಳಿಂದ ಕೊಟ್ಟರೆ ನಾಲ್ಕು ತಿಂಗಳಲ್ಲಿ ಸ್ಥಿರಕಾರಿ 144 ಮಿಲಿಗ್ರಾಂ ಆಗುತ್ತದೆ. ಅದನ್ನು 48ಕ್ಕೆ ಇಳಿಸಲು ಮನೆಯಲ್ಲಿ ಸುಲಭವಾದ ಮದ್ದಿಲ್ಲ. ಮೂರರಲ್ಲಿ ಎರಡು ಪಾಲು ನೀರನ್ನು, ಎಂದರೆ 32,000 ಲೀಟರನ್ನು, ಹೊರಚೆಲ್ಲಿ ಹೊಸ ನೀರು ತುಂಬಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬನಿಗೆ ದಿನಕ್ಕೆ 55 ಲೀಟರ್ ನೀರನ್ನು ಗೊತ್ತುಮಾಡಿದೆ. ಚೆಲ್ಲಿಹೋಗುವುದು ಸುಮಾರು 580 ಮಂದಿಯ ಒಂದು ದಿನದ ನೀರು! ಅದೂ ಮೇ ತಿಂಗಳಲ್ಲಿ, ಬಾವಿಗಳು ಬತ್ತುವ ಹೊತ್ತಿಗೆ.

ತುಂಬುವ ನೀರಿಗೂ ತನ್ನದೇ ಗುಣವುಂಟು. ಈ ಸೀಮೆಯ ಬಹುಭಾಗದ ನೆಲದಡಿ ಕಪ್ಪು ಬಸಾಲ್ಟ್ ಶಿಲೆಯಿದೆ. ಅಂಥ ಕಡೆಗಳಲ್ಲಿ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದರ ಪಿಎಚ್ ಏರಿದರೆ ಸುಣ್ಣದ ಬಿಳಿ ಪದರ ಗೋಡೆಗೆ ಅಂಟುತ್ತದೆ. ಟ್ರೈಕ್ಲೋರ್ ಆಮ್ಲಗುಣದ್ದಾದುದರಿಂದ ಪಿಎಚ್ಚನ್ನು ಇಳಿಸುತ್ತದೆ. ತೀರ ಇಳಿದರೆ ಲೋಹ ಸವೆದು ಕಣ್ಣು ಉರಿಯುತ್ತದೆ. 7.2ರಿಂದ 7.8ರ ನಡುವೆ ಅದನ್ನು ನಿಲ್ಲಿಸಬೇಕು. ಚೆಲುವೆ ಪುಡಿಯನ್ನು ಬಳಸಿದರೆ ಸ್ಥಿರಕಾರಿ ಹೆಚ್ಚುವುದಿಲ್ಲ, ಗಡಸುತನ ಹೆಚ್ಚುತ್ತದೆ. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್‌ಗೆ ಈ ಎರಡು ದೋಷಗಳೂ ಇಲ್ಲ. ಸ್ಥಿರಕಾರಿಯನ್ನು ಒಮ್ಮೆ ಮಿತವಾಗಿ ಬೆರೆಸಿ, ಸಂಜೆ ಬಿಸಿಲಿಳಿದ ಮೇಲೆ ಈ ದ್ರವವನ್ನು ಹಾಕಿ, ಹಗಲು ಬಳಸದ ವೇಳೆ ಕೊಳಕ್ಕೆ ಹೊದಿಕೆ ಹಾಸುವುದು ಲೇಸು. ಚೆಲುವೆ ಪುಡಿಯನ್ನೂ ಟ್ರೈಕ್ಲೋರನ್ನೂ ಮಾತ್ರ ಎಂದಿಗೂ ಒಂದೇ ಪಾತ್ರೆಯಲ್ಲಿ ಕಲಸಬಾರದು. ಬೆಂಕಿಯೂ ಸ್ಫೋಟವೂ ಸಂಭವಿಸಬಹುದು. ಹೈಪೋಕ್ಲೋರೈಟಿಗೆ ಆಮ್ಲ ತಾಗಿದರೆ ವಿಷಾನಿಲವೇಳುತ್ತದೆ.

ಈಗಾಗಲೇ ಕೆಟ್ಟ ಕೊಳವನ್ನು ಸರಿಪಡಿಸಲು ಮಳೆಗಾಲವೇ ತಕ್ಕ ಸಮಯ. 60 ಚದರ ಮೀಟರಿನ ಮಾಳಿಗೆಯ ಮೇಲೆ 600 ಮಿಲಿಮೀಟರ್ ಮಳೆ ಸುರಿದರೆ 36,000 ಲೀಟರ್ ದೊರೆಯುತ್ತದೆ. ಹತ್ತನೆಯ ಒಂದು ಪಾಲು ಪೋಲಾದರೂ ಬೇಕಾದಷ್ಟು ಉಳಿಯುತ್ತದೆ. ಮಳೆನೀರು ಮೃದುವಾದುದು. ಅಲ್ಲಿಯವರೆಗೆ ಬಿಲ್ಲೆಗಳನ್ನು ನಿಲ್ಲಿಸಿ, ಮಕ್ಕಳನ್ನು ಆ ಕೊಳದಿಂದ ದೂರವಿಡಬೇಕು. ಹೊರಬಿಡುವ ನೀರನ್ನಾದರೂ ಬಸವಕಲ್ಯಾಣದ ತ್ರಿಪುರಾಂತ ಕೆರೆಯಂಥ ಜಲಾಶಯಕ್ಕೆ ನೇರವಾಗಿ ಹರಿಸಬಾರದು; ಕ್ಲೋರಿನ್ ಮೀನುಗಳಿಗೆ ಮಾರಕ. ಹೊಸದಾಗಿ ಏನನ್ನೂ ಬೆರೆಸದೆ, ಪರೀಕ್ಷೆಯಲ್ಲಿ ಬಣ್ಣವೇ ಮೂಡದಂತಾಗುವವರೆಗೆ ಅದನ್ನು ಬಿಸಿಲಿನಲ್ಲಿಯೇ ಬಿಟ್ಟಿರಬೇಕು. ಸ್ಥಿರಕಾರಿಯು ಹೆಚ್ಚಿರುವಾಗ ಇದಕ್ಕೆ ಹಲವು ದಿನಗಳೇ ಹಿಡಿಯುತ್ತವೆ.