ಎರೆಮಣ್ಣಿನ ಕೆಳಗಿನ ಕಬ್ಬಿಣ

ಮಾಗಿಯಲ್ಲಿ ಬೀದರಿನ ಆಕಾಶ ರಾತ್ರಿಯಿಡೀ ತೆರೆದೇ ಇರುತ್ತದೆ. ಮೋಡದ ಹೊದಿಕೆಯಿಲ್ಲದ ಅಂಥ ರಾತ್ರಿ ಬಯಲಲ್ಲಿ ನಿಂತ ಲಾರಿಯ ಕಬ್ಬಿಣ ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತದೆ; ಗಾಳಿಯೊಳಗಿನ ತೇವ ಅದರ ಮೇಲೆ ಇಳಿಯುತ್ತದೆ. ಗಾಂಧಿ ಗಂಜಿನ ಆಚೆ ರಸ್ತೆಯಂಚಿಗೆ ನಿಂತ ಲಾರಿಗಳ ಬಂಪರುಗಳನ್ನು ನಾನು ಬೆಳಗಿನ ಜಾವದಲ್ಲಿ ನೋಡುತ್ತ ಬಂದಿದ್ದೇನೆ. ಹೊಸ ಬಣ್ಣದ ಮೇಲೆ ಇಬ್ಬನಿ ದುಂಡಗೆ, ಬಿಡಿಬಿಡಿಯಾಗಿ ಕೂರುತ್ತದೆ. ಪಕ್ಕದ ಗಾಡಿ ಸ್ಟಾರ್ಟ್ ಆದ ನಡುಕಕ್ಕೇ ಹನಿಗಳು ಒಂದರೊಳಗೊಂದು ಸೇರಿ ಜಾರಿಬಿಡುತ್ತವೆ. ಬಿಸಿಲಿಗೆ ಬೆಂದು ಹೊಳಪು ಕಳೆದುಕೊಂಡ ಹಳೆಯ ಹಳದಿಯ ಮೇಲೆ ಅದೇ ಇಬ್ಬನಿ ಚಪ್ಪಟೆಯಾಗಿ ಹರಡಿ ತೆಳ್ಳನೆಯ ನೀರಿನ ಪೊರೆಯಾಗುತ್ತದೆ. ಕಲ್ಲು ಸಿಡಿದು ಬಣ್ಣ ಹಾರಿದ ಕಡೆ ಹನಿ ಜಾರುವುದೂ ಇಲ್ಲ, ಹರಡುವುದೂ ಇಲ್ಲ. ಅಲ್ಲೇ ಕೂತು ಕೆಲಸ ಶುರು ಮಾಡುತ್ತದೆ.

ಜೋಳದ ಕಾಳಿನಷ್ಟಗಲ ಬಣ್ಣ ಹಾರಿದ ಒಂದು ಜಾಗವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಮೊದಲು ಹನಿ ತಿಳಿಯಾಗಿತ್ತು, ಅದರಡಿ ಕಬ್ಬಿಣ ಬೂದುಬಿಳುಪಾಗಿ ಮಿನುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹನಿಯೊಳಗೆ ಹಸಿರು ಬೆರೆತ ಬಿಳಿಯ ಮಬ್ಬು, ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಆ ಮಬ್ಬು ಮೆಲ್ಲಗೆ ಜೇನುಬಣ್ಣಕ್ಕೆ, ಆಮೇಲೆ ಕಿತ್ತಳೆಗೆ ತಿರುಗಿತು. ಕಿತ್ತಳೆ ಬಂದದ್ದು ಹನಿಯ ನಡುವೆ ಅಲ್ಲ, ಅಂಚಿನಿಂದ ತುಸು ಒಳಗೆ, ಉಂಗುರವಾಗಿ. ನಡುಭಾಗ ಕೊನೆಯವರೆಗೂ ಬರಿದಾಗಿ ಕಾಣುತ್ತಿತ್ತು. ಸೂರ್ಯ ಏರಿ ನೀರು ಆರಿದ ಮೇಲೆ ಉಂಗುರವಷ್ಟೇ ಉಳಿಯಿತು.

1920ರ ದಶಕದಲ್ಲಿ ಕೇಂಬ್ರಿಜ್‌ನ ಯು.ಆರ್. ಇವಾನ್ಸ್ ಉಕ್ಕಿನ ಮೇಲೆ ಒಂದೇ ಒಂದು ಉಪ್ಪುನೀರಿನ ಹನಿಯಿಟ್ಟು ಇದರ ಒಳಗುಟ್ಟನ್ನು ತೋರಿಸಿಕೊಟ್ಟರು. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಉಸಿರುಗಟ್ಟಿದ ಆ ನಡುವಿನಲ್ಲೇ ಕಬ್ಬಿಣ ಕರಗುತ್ತದೆ. ಕರಗಿದ್ದು ಹೊರಗೆ ಹರಿದು, ಆಮ್ಲಜನಕ ಸಿಕ್ಕ ಕಡೆ ತುಕ್ಕಾಗಿ ನಿಲ್ಲುತ್ತದೆ. ಬಣ್ಣ ಕಾಣುವ ಜಾಗ ಒಂದು, ಲೋಹ ಕಳೆದುಹೋಗುವ ಜಾಗ ಇನ್ನೊಂದು. ಇದು ತಿಳಿದ ಮೇಲೆ ಬಂಪರನ್ನು ನೋಡುವ ನನ್ನ ಕಣ್ಣು ಕಿತ್ತಳೆಯ ಮೇಲೆ ನಿಲ್ಲದೆ ಅದರ ಪಕ್ಕದ ಕತ್ತಲೆಯನ್ನು ಹುಡುಕತೊಡಗಿತು.

ಆ ಕತ್ತಲೆ ಔರಾದ್ ಕಡೆಯ ಗಾಡಿಗಳಲ್ಲಿ ಧಾರಾಳ. ಬೀದರ್ ನಗರ ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಜಂಬಿಟ್ಟಿಗೆಯ ಹಾಸಿನ ಮೇಲೆ. ಅಲ್ಲಿಯ ಕೆಂಪು ನೆಲ ನೀರನ್ನು ಬಸಿದುಬಿಡುತ್ತದೆ. ಇಳಿಜಾರು ಇಳಿದು ಮಾಂಜ್ರಾ ದಾಟಿ ಔರಾದ್ ಹಾದಿ ಹಿಡಿದರೆ ಎರೆ ನೆಲ. ಮೃಗಶಿರಾ ಮಳೆ ಬಿದ್ದ ಮೇಲೆ ಹೊಲದ ದಾರಿಗಳಿಂದ ಡಾಂಬರಿಗೆ ಬರುವ ಗಾಡಿಗಳ ಗಾಲಿ ಎಸೆದ ಮಣ್ಣು ಬಂಪರಿನ ಹಿಂಬದಿಗೆ, ಬ್ರಾಕೆಟ್ಟಿನ ಸಂದಿಗೆ, ಕೆಳಗಿನ ಮಡಿಕೆಯೊಳಗೆ ಹೋಗಿ ಮೆತ್ತಿಕೊಳ್ಳುತ್ತದೆ. ಹೊರಮೈ ಒಂದೇ ಬಿಸಿಲಿಗೆ ಬೂದಿಬಣ್ಣಕ್ಕೆ ಬಂದು ಬಿರುಕು ಬಿಡುತ್ತದೆ. ಒಳಮೈ ದಿನಗಟ್ಟಲೆ ಹಸಿ.

ಅಂಥದೊಂದು ಹೆಂಟೆಯನ್ನು ಡ್ರೈವರನ ಒಪ್ಪಿಗೆ ಪಡೆದು ನಿಧಾನವಾಗಿ ಬಿಡಿಸಿದೆ. ಬಂಪರಿನ ಮಡಿಕೆಯ ಅಚ್ಚು ಅದರ ಮೈಮೇಲೆ ಚೊಕ್ಕಟವಾಗಿ ಮೂಡಿತ್ತು. ಮಣ್ಣು ಕಬ್ಬಿಣಕ್ಕೆ ತಾಗಿದ ಅಂಚಿನುದ್ದಕ್ಕೂ ಕಿತ್ತಳೆಯ ಗೆರೆ. ಅದರ ಒಳಗೆ ಕೆಂಪಿನ ಸುಳಿವಿಲ್ಲ, ಒದ್ದೆಯಾದ ಕಡುಕಪ್ಪು, ಬೆರಳಿಗೆ ಮಸಿಯಂತೆ ಹತ್ತುವ ಪದರ. ಗಾಳಿ ಸಾಲದೆ ಅರ್ಧಕ್ಕೆ ನಿಂತ ತುಕ್ಕು ಅದು. ಗಾಳಿಗೆ ಒಡ್ಡಿದ್ದೇ ತಡ, ಕಪ್ಪಿನ ತೆಳು ಭಾಗಗಳು ಕಂದಾಗಿ, ಕಂದು ಕಾವಿಯಾಗಿ ತಿರುಗುತ್ತ ಹೋದವು. ಚಹಾ ಮುಗಿಸಿ ಬಂದ ಡ್ರೈವರ್ ಬಗ್ಗಿ ನೋಡಿ, “ಹಸಿ ಇದ್ದಾಗೇ ತೆಗೀಬೇಕ್ರಿ ಸರ. ಒಣಗಿತಂದ್ರ ಬಿಡಂಗಿಲ್ಲ” ಎಂದ. ಸೀಟಿನ ಹಿಂದೆ ಅದಕ್ಕೆಂದೇ ಬೇವಿನ ಕೋಲೊಂದನ್ನು ಇಟ್ಟುಕೊಂಡಿದ್ದ. ಕಬ್ಬಿಣದ ಸಲಾಕೆ ಬಣ್ಣ ಕೆರೆಯುತ್ತದೆ, ಕಟ್ಟಿಗೆ ಕೆರೆಯುವುದಿಲ್ಲ. ಕೊನೆಗೆ ಒಂದು ಬಾಟಲಿ ನೀರನ್ನು ಮಡಿಕೆಯೊಳಗೆ ಸುರಿದು, ಕೆಳಗಿನ ರಂಧ್ರದಿಂದ ಅದು ತಿಳಿಯಾಗಿ ಬರುವವರೆಗೂ ಕಾದ. ಆ ರಂಧ್ರ ಮುಚ್ಚಿಹೋದ ಬಂಪರುಗಳಲ್ಲಿ ಹೊರಗೆ ಬಣ್ಣ ಎಷ್ಟೇ ಮಿರುಗಲಿ, ಒಳಗೆ ನೀರು ನಿಂತೇ ಇರುತ್ತದೆ.

ಭಾಲ್ಕಿಯ ಕಡೆ ನಾನು ಕಂಡದ್ದು ಇನ್ನೊಂದು ಬಗೆ. ಸಮುದ್ರ ಇಲ್ಲಿಂದ ಎತ್ತ ಹೋದರೂ 350 ಕಿಲೋಮೀಟರಿಗೂ ದೂರ. ಕರಾವಳಿಯ ಲಾರಿಗಳನ್ನು ತಿನ್ನುವ ಉಪ್ಪುಗಾಳಿ ಬೀಸುವುದಿಲ್ಲ. ಆದರೆ ಬಿತ್ತನೆಯ ಮುಂಚೆ ಗೊಬ್ಬರದ ಚೀಲ ಹೊತ್ತ ಗಾಡಿಗಳು ಉಪ್ಪನ್ನು ತಾವೇ ಹೊತ್ತು ತರುತ್ತವೆ. ಪೊಟ್ಯಾಷ್ ಎಂದು ರೈತರು ಕೊಳ್ಳುವುದು ಪೊಟ್ಯಾಸಿಯಂ ಕ್ಲೋರೈಡ್. ಅದರ ಧೂಳು ಯೂರಿಯಾ ಧೂಳಿನೊಡನೆ ಬೆರೆತರೆ, ಒಂಟಿಯಾಗಿದ್ದಾಗ ಸುಮ್ಮನಿರುತ್ತಿದ್ದಂಥ ಗಾಳಿಯಲ್ಲೂ ತೇವ ಹೀರಿ ಜಿನುಗುತ್ತದೆ. ಚೈತ್ರ ವೈಶಾಖದ ಒಣ ಗಾಳಿಯಲ್ಲಿ, ತೇವಾಂಶ ಶೇ 60ಕ್ಕಿಂತ ಕೆಳಗಿರುವಾಗ, ಚೊಕ್ಕ ಕಬ್ಬಿಣ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಗೊಬ್ಬರದ ಧೂಳು ಕೂತ ಕಬ್ಬಿಣಕ್ಕೆ ಆ ನಿದ್ದೆ ಇಲ್ಲ. ಗೊಬ್ಬರ ಇಳಿಸಿದ ದಿನವೇ ಬಂಪರಿಗೂ ನಾಲ್ಕು ಬಕೆಟ್ ನೀರು ಹಾಕುವ ಕ್ಲೀನರ್ ಹುಡುಗ, ವರ್ಷಕ್ಕೊಮ್ಮೆ ಬಣ್ಣ ಹೊಡೆಸುವ ಮಾಲೀಕನಿಗಿಂತ ಹೆಚ್ಚು ಕಬ್ಬಿಣ ಉಳಿಸುತ್ತಾನೆ ಎಂಬುದು ನನ್ನ ಅಂದಾಜು.

ಕಬ್ಬಿನ ಹಂಗಾಮಿನಲ್ಲಿ ಸರದಿಗೆ ಕಾಯುತ್ತ ನಿಂತ ಲಾರಿಗಳಲ್ಲೇ ನನಗೆ ಎಳೆತುಕ್ಕು ಕಂಡದ್ದು. ಬಣ್ಣದ ಪೊರೆಯ ಕೆಳಗೆ, ಗೀರಿನ ಅಂಚಿನಿಂದ ಹೊರಟ ಕೂದಲೆಳೆ ದಪ್ಪದ ಉಬ್ಬುಗಳು. ಪ್ರತಿ ಎಳೆಗೂ ಒಂದು ತಲೆ, ಒಂದು ಬಾಲ. ತಲೆಯಲ್ಲಿ ನೀರು ತುಂಬಿರುತ್ತದೆ, ಅಲ್ಲಿ ಕಬ್ಬಿಣ ಕರಗುತ್ತ ಹೋಗುತ್ತದೆ. ಬಾಲ ಒಣಗಿದ ಕೆಂಗಂದು ಪುಡಿ. ಎಳೆ ಮುಂದೆ ಸಾಗುತ್ತ ಇನ್ನೊಂದು ಎಳೆಯ ಹಳೆಯ ಜಾಡಿಗೆ ಎದುರಾದರೆ ಅದನ್ನು ದಾಟುವುದಿಲ್ಲ. ತಾಗಿದ ಕಡೆಯಿಂದ ಓರೆಯಾಗಿ ಹೊರಳಿ ಬೇರೆ ದಿಕ್ಕು ಹಿಡಿಯುತ್ತದೆ. ಎರಡು ಜಾಡುಗಳ ನಡುವೆ ಸಿಕ್ಕಿಕೊಂಡ ಎಳೆ ಅತ್ತಿತ್ತ ತಿರುಗಿ, ದಾರಿ ಸಾಲದೆ ಅಲ್ಲೇ ನಿಂತುಹೋದದ್ದನ್ನೂ ನೋಡಿದ್ದೇನೆ. ಜೀವವಿಲ್ಲದ ವಸ್ತುವಿಗೆ ಇಷ್ಟು ನಡೆ ಎಲ್ಲಿಂದ ಎಂದು ಅನ್ನಿಸದೆ ಇರದು.

ಜೀವವಿರುವವೂ ಅಲ್ಲಿ ಇವೆ. ಬಹಳ ದಿನ ನಿಂತ ಗಾಡಿಯ ಬಂಪರಿನ ಹಿಂದೆ ಕುಂಬಾರ ಹುಳ ಹಸಿಮಣ್ಣಿನ ಉಂಡೆ ತಂದು ತಂದು ಗೂಡು ಕಟ್ಟುತ್ತದೆ. ಗೂಡು ಕಿತ್ತರೆ ಅದರ ಬುಡದ ಆಕಾರಕ್ಕೇ ತುಕ್ಕಿನ ಕಲೆ. ದೃಷ್ಟಿಯಾಗದಿರಲೆಂದು ಕಟ್ಟಿದ ನಿಂಬೆ ಮೆಣಸಿನಕಾಯಿಯಿಂದ ಹುಳಿರಸ ಇಳಿದು ಒಂದು ಕಂದು ಗೆರೆ ಮಾಡುತ್ತದೆ. ಕರಿ ಉಲ್ಲನ್ನಿನ ಗೊಂಡೆ ಮಳೆಯಲ್ಲಿ ನೆನೆದು, ಓಡುವಾಗ ಉಜ್ಜಿ, ತಾನು ತೂಗಾಡಿದಷ್ಟು ಉದ್ದದ ಕಮಾನನ್ನು ಬಣ್ಣದ ಮೇಲೆ ಕೊರೆದಿರುತ್ತದೆ.

ಬೀದರಿನ ಒಂದು ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿನಲ್ಲಿ ಹಿರಿಯ ಮಿಸ್ತ್ರಿಯೊಬ್ಬರು ಕೆಲಸ ಮಾಡುವುದನ್ನು ಸ್ಟೂಲಿನ ಮೇಲೆ ಕೂತು ನೋಡಿದೆ. ಅವರು ಮೊದಲು ಬ್ರಷ್ ಎತ್ತಿಕೊಳ್ಳಲಿಲ್ಲ, ಸಣ್ಣ ಸುತ್ತಿಗೆ ಎತ್ತಿಕೊಂಡರು. ಬಂಪರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಟಕ್, ಟಕ್ ಎಂದು ತಟ್ಟುತ್ತ ಹೋದರು. ಒಂದು ಕಡೆ ಸದ್ದು ಮಂಕಾಯಿತು.

“ಕಾಕಾ, ಅಲ್ಲಿ ಬಣ್ಣ ಛಲೋ ಅದಲ್ಲ?” ಎಂದೆ.

“ಬಣ್ಣ ನೋಡಬ್ಯಾಡ್ರಿ ಸರ, ಆವಾಜ್ ಕೇಳ್ರಿ. ಒಳಗಿಂದ ಜಂಗ್ ತಿಂದದ” ಎಂದು ಸುತ್ತಿಗೆಯ ಚೂಪುತುದಿಯಿಂದ ಒತ್ತಿದರು. ತುದಿ ಒಳಗೆ ಹೋಯಿತು.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೇ ಮಡಿಕೆ ಬಾಯಿ ಬಿಟ್ಟು, ಪದರ ಪದರವಾಗಿ ಉಬ್ಬಿತ್ತು. ಕೆಟ್ಟ ತುಂಡನ್ನು ಕತ್ತರಿಸಿ ತಗಡು ವೆಲ್ಡ್ ಮಾಡಿದರು. ಉಳಿದ ಕಡೆ ಗ್ರೈಂಡರ್, ತಂತಿ ಬ್ರಷ್, ಆಮೇಲೆ ಪಾಲಿಶ್ ಪೇಪರ್. ಕಿತ್ತಳೆ ಹೋದಲ್ಲಿಗೆ ನಿಲ್ಲಿಸದೆ, ಗಟ್ಟಿ ಕೂತಿದ್ದ ಬಣ್ಣದೊಳಕ್ಕೂ ಎರಡು ಬೆರಳಷ್ಟು ಉಜ್ಜಿದರು. ಸಣ್ಣ ಗುಳಿಗಳ ತಳದಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದಾಗ ಅವು ನೊರೆಯಾಡಿ ಬೂದುಬಣ್ಣಕ್ಕೆ ತಿರುಗಿದವು; ತುಕ್ಕು ಕಬ್ಬಿಣದ ಫಾಸ್ಫೇಟಾಗಿ ಕೂತುಕೊಳ್ಳುವುದು ಹೀಗೆ. ದೆಹಲಿಯ ಪ್ರಾಚೀನ ಕಬ್ಬಿಣದ ಕಂಬ ಉಳಿದುಬಂದದ್ದಕ್ಕೂ ಅದರೊಳಗಿನ ರಂಜಕ ಕಟ್ಟಿದ ಇಂಥದೇ ಪೊರೆಯನ್ನು ಐಐಟಿ ಕಾನ್ಪುರದ ಆರ್. ಬಾಲಸುಬ್ರಹ್ಮಣ್ಯಂ ಕಾರಣವಾಗಿ ಹೇಳಿದ್ದರು. ಮಿಸ್ತ್ರಿ ಬಂಪರನ್ನು ತೊಳೆದು, ಒರೆಸಿ, ಬಿಸಿಲಿಗಿಟ್ಟರು. ಬರಿಮೈ ಕಬ್ಬಿಣವನ್ನು ಮಳೆಗಾಲದಲ್ಲಿ ಅವರು ರಾತ್ರಿ ಬಿಡುವುದೇ ಇಲ್ಲ. ಬಿಟ್ಟರೆ ಬೆಳಗ್ಗೆ ತೆಳು ಅರಿಸಿನದ ಬಣ್ಣ ಇಡೀ ಮೈಗೆ ಹಬ್ಬಿರುತ್ತದೆ.

ಆಮೇಲೆ ರೆಡ್ ಆಕ್ಸೈಡ್. ಡಬ್ಬಿಯೊಳಗಿನ ಆ ಇಟ್ಟಿಗೆಗೆಂಪು ಕೂಡ ಕಬ್ಬಿಣದ ಆಕ್ಸೈಡೇ, ಇನ್ನು ತುಕ್ಕಾಗಲು ಏನೂ ಉಳಿಯದಷ್ಟು ಪೂರ್ತಿ ತುಕ್ಕಾದದ್ದು. ಬೀದರ್ ಕೋಟೆಯ ಕಂದಕ ಕಡಿದ ಜಂಬಿಟ್ಟಿಗೆಯ ಕೆಂಪಿಗೂ ಅದೇ ಮೂಲ. ಗ್ಯಾರೇಜಿನ ನೆಲದ ಮೇಲೆ ಚೆಲ್ಲಿದ ಪ್ರೈಮರ್ ಹನಿ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಾಗಿತ್ತು. ಕೆಲವರು ಈಗ ಸತುವಿನ ಪುಡಿ ತುಂಬಿದ ಪ್ರೈಮರ್ ಹಾಕಿಸುತ್ತಾರೆ. ಬಿದ್ರಿ ಕುಶಲಕರ್ಮಿಗಳು ತಾಮ್ರ ತುಸು ಬೆರೆಸಿ ಎರಕ ಹೊಯ್ಯುವ ಸತುವೇ ಇದು. ಕಬ್ಬಿಣದ ಪಕ್ಕ ಇದ್ದರೆ ಸತು ತಾನೇ ಮೊದಲು ಕರಗುತ್ತದೆ. ಗೀರು ಬಿದ್ದ ಕಡೆ ಕೆಂಪಿನ ಬದಲು ಬಿಳಿ ಪುಡಿ ಕಾಣುತ್ತದೆ. ಹಿಂಬದಿಗೆ ಸುಟ್ಟ ಆಯಿಲ್ ಬಳಿಯುವ ರೂಢಿಯೂ ಇದೆ. ಅದು ನೀರನ್ನು ತಡೆಯುತ್ತದೆ, ಆದರೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ಮುಂದೆ ಬಣ್ಣ ಹಿಡಿಯಗೊಡುವುದಿಲ್ಲ, ಮಳೆಗೆ ತೊಳೆದು ಹೊಲಕ್ಕೂ ಇಳಿಯುತ್ತದೆ. ನನಗದು ಹಿಡಿಸುವುದಿಲ್ಲ.

ಹಸ್ತ ಚಿತ್ತ ಮಳೆ ಮುಗಿದು ಸೋಯಾ ಹೇರಿಕೊಂಡು ಮಿಸ್ತ್ರಿ ದುರಸ್ತಿ ಮಾಡಿದ ಆ ಗಾಡಿ ಗಂಜಿಗೆ ಬಂದಾಗ ಮಂಡಿಯೂರಿ ನೋಡಿದೆ. ವೆಲ್ಡ್ ಮಾಡಿದ ತಗಡು, ಮಡಿಕೆ, ಬಸಿಗಂಡಿ ಎಲ್ಲ ಚೊಕ್ಕ. ನಂಬರ್ ಪ್ಲೇಟಿನ ಬಲಗಡೆಯ ಬೋಲ್ಟಿನ ಕೆಳಗೆ, ವಾಷರ್ ಕೂತ ಅಂಚಿನಲ್ಲಿ ಮಾತ್ರ ಅರ್ಧ ಉಂಗುರದಷ್ಟು ಕಿತ್ತಳೆ ಇತ್ತು. ಬಣ್ಣ ಹೊಡೆಯುವಾಗ ಆ ಬೋಲ್ಟ್ ಬಿಚ್ಚಿರಲಿಲ್ಲ.