ಆನೆ ಅಗ್ಗ, ಮೇವು ದುಬಾರಿ

ಅಮೆರಿಕಕ್ಕೆ ಓದಲು ಹೋದ ಮಗ ಫೋನ್ ಮಾಡಿ, ‘ಅಪ್ಪಾ, ಹಳೇ ಸಣ್ಣ ಕಾರಿನ ಬೆಲೆಗೇ ಪೋರ್ಷೆ ಕಯೆನ್ ಸಿಗ್ತಿದೆ’ ಎಂದರೆ ಹಿಗ್ಗಬೇಡಿ. ಯಾವ ವರ್ಷದ್ದೆಂದು ಕೇಳಿ. 2003ರ ಕಯೆನ್ ಎಸ್ ಎಂಬ ಈ ಐಷಾರಾಮಿ ಕ್ರಾಸ್‌ಓವರ್ ಹೊಸದಾಗಿದ್ದಾಗ ಅಲ್ಲಿ 55 ಸಾವಿರ ಡಾಲರ್ ದಾಟಿತ್ತು. ಈಗ ಕಾರಿನ ಬೆಲೆ ಇಳಿದಿದೆ. ಬಿಡಿಭಾಗಗಳದ್ದು, ಮೆಕ್ಯಾನಿಕ್ ಕೂಲಿಯದ್ದು ಇಳಿದಿಲ್ಲ.

ಒಂದೇ ಉದಾಹರಣೆ ಸಾಕು. ಇದರ ಎಂಟು ಸಿಲಿಂಡರಿನ ಎಂಜಿನ್ ನಡುವೆ, ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ, ಕೂಲೆಂಟ್ ಹರಿಯುವ ಪ್ಲಾಸ್ಟಿಕ್ ಕೊಳವೆಗಳಿವೆ. (ಅಷ್ಟು ಬೆಲೆಯ ಕಾರಿಗೆ ಪ್ಲಾಸ್ಟಿಕ್!) ವರ್ಷಗಟ್ಟಲೆ ಬಿಸಿ ತಿಂದು ಅವು ಪೆಡಸಾಗಿ ಬಿರುಕು ಬಿಡುತ್ತವೆ. ಸೋರಿದ್ದು ಗಮನಕ್ಕೆ ಬರದಿದ್ದರೆ ಎಂಜಿನ್ನೇ ಕಾದು ಕೆಡಬಹುದು. ಕೊಳವೆ ಪುಟ್ಟದಾದರೂ ಅದನ್ನು ತಲುಪಲು ಮೇಲಿನದನ್ನೆಲ್ಲ ಬಿಚ್ಚಬೇಕು. ಖರ್ಚು ಹುಟ್ಟುವುದು ಅಲ್ಲೇ. ಅಲ್ಯೂಮಿನಿಯಂ ಕೊಳವೆ ಹಾಕಿಸಿದ ರಸೀದಿ ಮಾರುವವರ ಬಳಿ ಇದೆಯೇ? ಇಲ್ಲವಾದರೆ ಆ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಪೆಟ್ರೋಲೂ ಪ್ರೀಮಿಯಂ, ಲೀಟರಿಗೆ ಆರೇಳು ಕಿ.ಮೀ. ಕೊಳ್ಳುವ ಮುನ್ನ ಹೊರಗಿನ ಮೆಕ್ಯಾನಿಕ್‌ಗೆ ತೋರಿಸಲು ಜಿಪುಣತನ ಬೇಡ. ಅದಕ್ಕೂ ಮಗ ಗೊಣಗಿದರೆ, ಸೆಮಿಸ್ಟರ್ ಶುಲ್ಕ ಕಟ್ಟುವ ತಿಂಗಳಲ್ಲೇ ಕೊಳವೆ ಒಡೆದರೆ ಯಾರಿಗೆ ಫೋನ್ ಮಾಡುತ್ತೀ ಎಂದು ಕೇಳಿ.