ಬ್ಲೂಟೂತ್ ಇಯರ್‌ಫೋನ್ ಮಿದುಳಿಗೆ ಅಪಾಯವೇ? ಹೆಡ್‌ಫೋನ್ ಕೊಳ್ಳುವಾಗ ನೋಡಬೇಕಾದ್ದೇನು?

“ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಮಿದುಳು ಮೈಕ್ರೋವೇವ್ ಒಲೆಯಲ್ಲಿಟ್ಟ ಹಾಗೆ ಬೇಯುತ್ತದೆ. 250 ವಿಜ್ಞಾನಿಗಳ ಎಚ್ಚರಿಕೆ. ಮಕ್ಕಳಿರುವ ಎಲ್ಲರಿಗೂ ಕಳಿಸಿ.” ಈ ಅರ್ಥದ ಫಾರ್ವರ್ಡ್ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ವಿಜ್ಞಾನಿಗಳ ಮನವಿ ಇದ್ದದ್ದು ನಿಜ. ಆದರೆ ಅದು 2015ರಲ್ಲಿ ಆರಂಭವಾದದ್ದು. ಮೊಬೈಲ್, ಟವರ್, ವೈಫೈ ಎಲ್ಲವನ್ನೂ ಸೇರಿಸಿ ಬರೆದದ್ದು. ಫಾರ್ವರ್ಡುಗಳಲ್ಲಿ ಹೆಚ್ಚಾಗಿ ಚಿತ್ರ ಹಾಕುವ ಆಪಲ್‌ನ ಏರ್‌ಪಾಡ್ ಮಾರುಕಟ್ಟೆಗೆ ಬಂದದ್ದೇ 2016ರ ಡಿಸೆಂಬರಿನಲ್ಲಿ.

ಮೈಕ್ರೋವೇವ್ ಒಲೆ ಮತ್ತು ಬ್ಲೂಟೂತ್ ಎರಡೂ ಸುಮಾರು 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸುತ್ತವೆ, ಅದೂ ನಿಜ. ವ್ಯತ್ಯಾಸ ಇರುವುದು ಶಕ್ತಿಯಲ್ಲಿ. ಒಲೆಯದ್ದು ನೂರಾರು ವ್ಯಾಟ್. ಇಯರ್‌ಫೋನಿನದು ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್, ಅಂದರೆ ವ್ಯಾಟಿನ ಸಾವಿರದ ಕೆಲವು ಪಾಲು. 4ಜಿ ಫೋನ್ ಗರಿಷ್ಠ ಸುಮಾರು 200 ಮಿಲಿವ್ಯಾಟ್ ಹೊರಸೂಸಬಲ್ಲದು, ಸಿಗ್ನಲ್ ದುರ್ಬಲವಾದಷ್ಟೂ ಅದು ತನ್ನ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಹೆಬ್ರಿ ದಾಟಿ ಆಗುಂಬೆ ಘಾಟಿಯ ಕಡೆ ಹೋಗುವಾಗ ಫೋನ್ ಕಿವಿಗೊತ್ತಿ ಮಾತಾಡುವುದಕ್ಕಿಂತ ಬ್ಲೂಟೂತ್‌ನಲ್ಲಿ ಮಾತಾಡಿದರೆ ತಲೆಗೆ ತಲುಪುವ ತರಂಗ ಕಡಿಮೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ತರಂಗಗಳನ್ನು “ಕ್ಯಾನ್ಸರ್‌ಕಾರಕ ಆಗಿರಬಹುದು” ಎಂಬ 2ಬಿ ಪಟ್ಟಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ವಿಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಹಾಗಾದರೆ ಇಯರ್‌ಫೋನ್ ನಿರಪಾಯವೇ? ಅಲ್ಲ. ಅಪಾಯ ಇರುವುದು ಅದರ ಸದ್ದಿನಲ್ಲಿ, ಮತ್ತು ಅದಕ್ಕೆ ವೈರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರೊಳಗಿನ ಸಾವಿರಾರು ಸೂಕ್ಷ್ಮ ರೋಮಕೋಶಗಳು ಸದ್ದನ್ನು ನರಸಂಕೇತವಾಗಿ ಬದಲಿಸುತ್ತವೆ. ಜೋರು ಸದ್ದಿಗೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಕೆಡುವುದು ತೀಕ್ಷ್ಣ ಸ್ವರಗಳನ್ನು ಹಿಡಿಯುವ ಭಾಗ. ಹಾಗಾಗಿ ಶುರುವಿನಲ್ಲಿ ಕಿವುಡುತನ ಅನ್ನಿಸುವುದೇ ಇಲ್ಲ. ಸ, ಶ, ತ ಅಕ್ಷರಗಳು ಕಲಸಿಹೋಗುತ್ತವೆ. “ಕೇಳಿಸ್ತದೆ, ಆದ್ರೆ ಏನು ಹೇಳಿದ್ದು ಅಂತ ಗೊತ್ತಾಗುವುದಿಲ್ಲ” ಎನ್ನುವ ಸ್ಥಿತಿ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. ಸದ್ದು ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ಇದನ್ನು ನಮ್ಮ ಬಸ್ಸಿಗೆ ತನ್ನಿ. ಕಾರ್ಕಳದಿಂದ ಮಣಿಪಾಲಕ್ಕೆ ಕೆಲಸಕ್ಕೆ ಬರುವವರಿಗೆ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಎಂದಿಟ್ಟುಕೊಳ್ಳಿ. ಎಂಜಿನ್ನಿನ ಗುಡುಗು, ಏರ್ ಹಾರ್ನ್, ಕಂಡಕ್ಟರ್ ಸೀಟಿ. ಇದರ ಮೇಲೆ ಹಾಡು ಕೇಳಬೇಕೆಂದರೆ ಕೈ ತಾನಾಗಿ ವಾಲ್ಯೂಮ್ ಬಟನ್‌ಗೆ ಹೋಗುತ್ತದೆ. ಕಿವಿಯಲ್ಲಿ 92 ಡೆಸಿಬಲ್ ಆಯಿತೆನ್ನಿ. ಸೋಮವಾರ ಎರಡು ಗಂಟೆ ಕಳೆಯಿತು. ಮಂಗಳವಾರ ಬೆಳಿಗ್ಗೆ ಬಸ್ಸು ಹಿರಿಯಡ್ಕ ಮುಟ್ಟುವ ಹೊತ್ತಿಗೆ ಇಡೀ ವಾರದ ಪಾಲು ಮುಗಿದಿರುತ್ತದೆ! ಅದೇ 80 ಡೆಸಿಬಲ್‌ನಲ್ಲಿ ಕೇಳಿದರೆ ಆರು ದಿನ ಓಡಾಡಿದರೂ ಮೂರನೇ ಒಂದು ಪಾಲು ಕೂಡ ಆಗುವುದಿಲ್ಲ. ಮೊನ್ನೆ ಹಿಂದಿನ ಸೀಟಿನ ಹುಡುಗನ ಇಯರ್‌ಫೋನಿನ ಹಾಡು ಬಸ್ಸಿನ ಗಲಾಟೆಯಲ್ಲೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವನ ಕಿವಿಯೊಳಗೆ ಎಷ್ಟಿತ್ತೋ.

ಆದ್ದರಿಂದ ಬಸ್ಸಿಗೆ ಕೊಳ್ಳುವಾಗ “ಬೇಸ್ ಹೇಗಿದೆ” ಎಂದು ಕೇಳುವ ಮೊದಲು ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂದು ನೋಡಿ. ಹೊರಗಿನದು ತಗ್ಗಿದರೆ ಒಳಗಿನದನ್ನು ನೀವೇ ತಗ್ಗಿಸುತ್ತೀರಿ. ಎಎನ್‌ಸಿ ಎಂಬ ತಂತ್ರದಲ್ಲಿ ಮೈಕ್ ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ಸರಿಯಾಗಿ ತಿರುವುಮುರುವಾದ ತರಂಗವನ್ನು ಸ್ಪೀಕರ್ ಹುಟ್ಟಿಸುತ್ತದೆ. ಎರಡೂ ಸೇರಿ ಕುಗ್ಗುತ್ತವೆ. ಎಂಜಿನ್, ಫ್ಯಾನ್, ಎಸಿಯಂಥ ಒಂದೇ ಸಮನೆಯ ಗುಂಯ್‌ಗುಡುವ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ನ್, ಮಾತು, ಚೆಂಡೆಯ ಪೆಟ್ಟಿಗೆ ಅಷ್ಟಾಗಿ ಆಗದು. ಅಲ್ಲಿ ಕಿವಿಗೆ ಸರಿಯಾಗಿ ಕೂರುವ ಸಿಲಿಕೋನ್ ರಬ್ಬರೇ ಗತಿ. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಕೊಡುವುದು ಅದಕ್ಕೇ, ಮೂರನ್ನೂ ಹಾಕಿ ನೋಡಿ. ಎಎನ್‌ಸಿ “ಮಿದುಳಿಗೆ ಒತ್ತಡ ಹಾಕುತ್ತದೆ” ಎಂಬ ಫಾರ್ವರ್ಡಿಗೆ ಆಧಾರವಿಲ್ಲ. ಕೆಲವರಿಗೆ ಕಿವಿ ಕಟ್ಟಿದಂತೆ ಅನ್ನಿಸುವುದುಂಟು, ತೆಗೆದರೆ ಹೋಗುತ್ತದೆ.

ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಕಡಿಮೆ ಬೆಲೆಯ ಡಬ್ಬಿಗಳ ಮೇಲೆ ದೊಡ್ಡದಾಗಿ “ಇಎನ್‌ಸಿ” ಎಂದಿರುತ್ತದೆ. ಅದು ನಿಮ್ಮ ಕಿವಿಗಲ್ಲ. ಕರೆಯಲ್ಲಿ ಆಚೆ ಬದಿಯವರಿಗೆ ನಿಮ್ಮ ಸುತ್ತಲಿನ ಗಲಾಟೆ ಕೇಳದಂತೆ ಮಾಡುವ ವ್ಯವಸ್ಥೆ. ಅದನ್ನೇ ಎಎನ್‌ಸಿ ಎಂದುಕೊಂಡು ಕೊಂಡವರು ಬಸ್ಸಿನಲ್ಲಿ ಮತ್ತೆ ವಾಲ್ಯೂಮ್ ಏರಿಸುತ್ತಾರೆ.

ಬಸ್ಸಿನಿಂದ ಇಳಿದ ಮೇಲೆ ಇದೇ ಗುಣ ಅಪಾಯ. ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66 ದಾಟುವಾಗ ಹೊರಗಿನ ಸದ್ದು ಕೇಳಲೇಬೇಕು. ಬೈಕ್ ಓಡಿಸುವಾಗಲಂತೂ ತೆಗೆದಿಡಿ.

ಆಫೀಸಿನ ಮಾತು ಬೇರೆ. ದಿನವಿಡೀ ಮೀಟಿಂಗ್ ಇರುವವರಿಗೆ ಬಾಯಿಯ ಹತ್ತಿರ ಮೈಕ್ ಬರುವ ವೈರ್ ಹೆಡ್‌ಸೆಟ್ ದುಬಾರಿ ಇಯರ್‌ಬಡ್‌ಗಿಂತ ಚೆನ್ನ. ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಸಂಪರ್ಕ ಕರೆಯ ವಿಧಾನಕ್ಕೆ ಬದಲಾಗಿ ಧ್ವನಿ ಹಳೆಯ ಟೆಲಿಫೋನಿನಂತಾಗುವುದುಂಟು. ಅದು ಹಾಳಾದ ಲಕ್ಷಣವಲ್ಲ. ಮನೆಯಲ್ಲಿ ಯಕ್ಷಗಾನದ ರೆಕಾರ್ಡಿಂಗ್ ಕೇಳುವುದಿದ್ದರೆ ಸಣ್ಣ ಸ್ಪೀಕರ್ ಸಾಕು. ಒಬ್ಬರಿಗೇ ಬೇಕಿದ್ದರೆ ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್. ಭಾಗವತರ ಸ್ವರ ಸ್ಪಷ್ಟವಾಗಲೆಂದು ವಾಲ್ಯೂಮ್ ಏರಿಸಿದಾಗ ಮುಂದೆ ಬರುವ ಚೆಂಡೆಯ ಪೆಟ್ಟೂ ಅಷ್ಟೇ ಏರಿರುತ್ತದೆ ಎಂಬುದು ನೆನಪಿರಲಿ. ಮಕ್ಕಳಿಗೆ ಮಿತಿ 75 ಡೆಸಿಬಲ್. “85 ಡೆಸಿಬಲ್ ಮಿತಿಯ ಮಕ್ಕಳ ಹೆಡ್‌ಫೋನ್” ಎಂದು ಬರೆದಿದ್ದರೂ ಅದು ಹೆಚ್ಚೇ. ಯಾರಿಗಾದರೂ ಸುಲಭದ ಅಳತೆ: ಫೋನಿನ ಗರಿಷ್ಠದ 60 ಶೇಕಡಾ ದಾಟಬೇಡಿ.

ಇನ್ನು ನಮ್ಮ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಈ ತೇವದಲ್ಲಿ ಗಂಟೆಗಟ್ಟಲೆ ರಬ್ಬರ್ ತುರುಕಿದ ಕಿವಿಯಲ್ಲಿ ಗಾಳಿಯಾಡದೆ ಶಿಲೀಂಧ್ರ ಬೆಳೆಯಬಹುದು. ತುರಿಕೆ, ಕಿವಿ ಕಟ್ಟುವುದು, ಸೋರುವುದು ಅದರ ಲಕ್ಷಣ. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಡಬೇಡಿ, ವೈದ್ಯರಿಗೆ ತೋರಿಸಿ. ಸ್ನಾನ ಮಾಡಿದ ಕೂಡಲೇ ಇಯರ್‌ಬಡ್ ಹಾಕಬೇಡಿ, ಇನ್ನೊಬ್ಬರದನ್ನು ಹಾಕಬೇಡಿ. ಐಪಿಎಕ್ಸ್4 ಎಂದರೆ ನೀರು ಸಿಡಿದರೆ ತಡೆಯುತ್ತದೆ ಎಂದಷ್ಟೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ, ಅದೂ ಸಿಹಿನೀರಿನ ಪರೀಕ್ಷೆ. ಕಾಪು ಬೀಚಿನ ಉಪ್ಪುನೀರಿಗೆ ಆ ಲೆಕ್ಕ ಹಿಡಿಯುವುದಿಲ್ಲ. ಒದ್ದೆಯಾದದ್ದನ್ನು ಒಣಗಿಸದೆ ಚಾರ್ಜಿಂಗ್ ಡಬ್ಬಿಗೆ ಹಾಕಿದರೆ ತಾಮ್ರದ ಹಸಿರು ಕಿಲುಬು ಹಿಡಿಯುತ್ತದೆ.

ಇಯರ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಆ ದಿನ ಕಿವಿಗೆ ರಜೆ ಕೊಡಿ. ಪದೇಪದೇ ಆಗುತ್ತಿದ್ದರೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಏಕಾಏಕಿ ಮಂದವಾಗಿದ್ದರೆ ಮೇಣ ಕಟ್ಟಿರಬಹುದು ಎಂದು ವಾರ ಕಾಯಬೇಡಿ, ಅದೇ ದಿನ ಹೋಗಿ. ಅದಕ್ಕೆ ಕೊಡುವ ಸ್ಟಿರಾಯ್ಡ್ ಔಷಧ ಮೊದಲ ದಿನಗಳಲ್ಲಿ ಶುರುವಾದರೇ ಹೆಚ್ಚು ಪ್ರಯೋಜನ.